ಟಿವಿ ಬರುದಿಲ್ಲ, ಈಗ ಯಾರಿಗೆ ಫೋನ್ ಮಾಡುವುದು?

ಜುಲೈ ತಿಂಗಳ ಒಂದು ಸಂಜೆ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನ ಕಿಟಕಿಗೆ ಮಳೆ ರಪರಪ ಬಡಿಯುತ್ತಿತ್ತು. ಉಡುಪಿ ಕಡೆಯ ಕಾಪು ಹತ್ತಿರದ ಊರಿನಿಂದ ಅಮ್ಮನ ಫೋನ್ ಬಂತು.

"ಮಗಾ, ಟಿವಿ ಬರುದಿಲ್ಲ. ಎಂತದೋ ಇಂಗ್ಲಿಷಿನಲ್ಲಿ ಬರೆದು ಬರ್ತದೆ."

ಇಪ್ಪತ್ತು ವರ್ಷ ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು. ಕೇಬಲಿನವನಿಗೆ ಹೇಳು ಅಂದರೆ ಮುಗಿಯಿತು. ಈಗ ಪೊಲೀಸರ ಹಾಗೆ ವಿಚಾರಣೆ ಮಾಡಬೇಕು. ಕರೆಂಟ್ ಉಂಟಾ? ಉಂಟು. ವೈಫೈ ಡಬ್ಬಿಯಲ್ಲಿ ಕೆಂಪು ದೀಪವಾ, ಹಸಿರಾ? ಹಸಿರು. ಮೊಬೈಲಿನಲ್ಲಿ ಯೂಟ್ಯೂಬ್ ಬರ್ತದಾ? "ಬರ್ತದೆ. ಈಗಷ್ಟೇ ಯಕ್ಷಗಾನ ಆಟ ನೋಡ್ತಾ ಇದ್ದೆ." ಹಾಗಾದರೆ ಟಿವಿಯ ಮೇಲೆ ಬರೆದದ್ದನ್ನು ಫೋಟೋ ತೆಗೆದು ಕಳಿಸು ಅಂದೆ. ಮೂರನೇ ಫೋಟೋದಲ್ಲಿ ಅಕ್ಷರ ಕಂಡಿತು. ಆ ಟಿವಿಯಲ್ಲಿ ಆ ಆ್ಯಪ್ ಇನ್ನು ಮುಂದೆ ಕೆಲಸ ಮಾಡುವುದಿಲ್ಲ ಎಂದಿತ್ತು.

ಟಿವಿ ತಂದು ಏಳು ವರ್ಷ ಆಗಿದೆ. ಪರದೆಯಲ್ಲಿ ಒಂದು ಚುಕ್ಕೆ ಇಲ್ಲ, ಸೌಂಡ್ ಸರಿ ಇದೆ, ರಿಮೋಟಿನ ಮೇಲಿನ ಪ್ಲಾಸ್ಟಿಕ್ ಕವರನ್ನೂ ಅಮ್ಮ ತೆಗೆದಿಲ್ಲ. ಅದಕ್ಕೆ ಮೊದಲು ನಮ್ಮಲ್ಲಿದ್ದ ಡಬ್ಬಿ ಟಿವಿ ಹದಿನೆಂಟು ವರ್ಷ ಬಾಳಿತ್ತು. ಹಾಗಾದರೆ ಕೆಟ್ಟದ್ದು ಏನು?

ಟಿವಿ ಅಂದರೆ ಈಗ ಒಂದು ವಸ್ತು ಅಲ್ಲ. ಪರದೆ ಒಬ್ಬರದ್ದು. ಪರದೆಯೊಳಗಿನ ಸಾಫ್ಟ್‌ವೇರ್ ಇನ್ನೊಬ್ಬರದ್ದು. ಮನೆಗೆ ಬರುವ ಲೈನ್ ಮತ್ತೊಬ್ಬರದ್ದು. ಲೈನಿನಲ್ಲಿ ಬರುವ ಕಾರ್ಯಕ್ರಮ ಮಗದೊಬ್ಬರದ್ದು. ಹಳೇ ಪಾಲುಪಟ್ಟಿಯ ಹಾಗೆ ಒಂದೇ ಅಂಗಳಕ್ಕೆ ನಾಲ್ಕು ಯಜಮಾನರು. ಇದು ಹೇಗೆ ಪಾಲಾಯಿತು, ಈಗ ಯಾರು ಯಾರ ಪಾಲನ್ನು ನುಂಗಲು ನೋಡುತ್ತಿದ್ದಾರೆ ಎನ್ನುವುದೇ ಇವತ್ತಿನ ಟಿವಿ ವ್ಯಾಪಾರದ ಕಥೆ.

ಬಿಲ್ಲೂ ಒಂದು, ಬೈಯಲಿಕ್ಕೂ ಒಬ್ಬ

1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಉಪಗ್ರಹದ ಮೂಲಕ ಪ್ರಸಾರ ಶುರು ಮಾಡಿತು. ಮರುವರ್ಷ ಝೀ ಬಂತು. 1994ರಲ್ಲಿ ಕನ್ನಡಕ್ಕೆ ಉದಯ ಬಂತು. ಆ ಹೊತ್ತಿಗೆ ನಮ್ಮೂರಿನ ಹುಡುಗನೊಬ್ಬ ತನ್ನ ಮನೆಯ ತಾರಸಿಯಲ್ಲಿ ದೊಡ್ಡ ಡಿಶ್ ನಿಲ್ಲಿಸಿದ. ಅಲ್ಲಿಂದ ತೆಂಗಿನ ಮರದಿಂದ ತೆಂಗಿನ ಮರಕ್ಕೆ ಕಪ್ಪು ವಯರು ಎಳೆದ. ತಿಂಗಳಿಗೊಮ್ಮೆ ಸೈಕಲಿನಲ್ಲಿ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ಮಡಲು ಬಿದ್ದು ವಯರು ತುಂಡಾದರೆ ಏಣಿ ಹೊತ್ತುಕೊಂಡು ಅವನೇ ಬರುತ್ತಿದ್ದ. ಬೈಗುಳ ಕೇಳಿಸಿಕೊಂಡು, ಬೆಲ್ಲ ನೀರು ಕುಡಿದು, ಸರಿ ಮಾಡಿ ಹೋಗುತ್ತಿದ್ದ.

ಕೇಬಲಿನ ಗುಟ್ಟು ಜಾತ್ರೆಯ ಮೈಕಿನದ್ದೇ. ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಮೈಕಿನವನ ಖರ್ಚು ಹೆಚ್ಚುಕಡಿಮೆ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2003ರಲ್ಲಿ ಡಿಟಿಎಚ್ ಬಂತು. ನಡುವಿನ ಮನುಷ್ಯನೇ ಬೇಡ, ನಿಮ್ಮ ಮನೆಗೇ ಪುಟ್ಟ ಡಿಶ್ ಎಂದರು. ಬೇರೆ ಊರುಗಳಲ್ಲಿ ಒಳ್ಳೆಯದಾಯಿತೇನೋ. ನಮ್ಮ ಕಡೆ ಅದಕ್ಕೆ ಒಬ್ಬ ಶತ್ರು ಇತ್ತು: ಮಳೆ. ಕೇಬಲಿನವನ ದೊಡ್ಡ ಡಿಶ್ ಹೆಚ್ಚಾಗಿ ಹಿಡಿಯುತ್ತಿದ್ದದ್ದು ಸಿ ಬ್ಯಾಂಡ್ ತರಂಗ. ಅದು ಸುಮಾರು 4 ಗಿಗಾಹರ್ಟ್ಸ್, ಒಂದು ಅಲೆಯ ಉದ್ದ ಏಳು ಸೆಂಟಿಮೀಟರಿಗಿಂತ ಜಾಸ್ತಿ. ಡಿಟಿಎಚ್‌ನ ಪುಟ್ಟ ಡಿಶ್ ಹಿಡಿಯುವುದು ಕೆಯು ಬ್ಯಾಂಡ್. ಅದು 11-12 ಗಿಗಾಹರ್ಟ್ಸ್, ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಹತ್ತಿರ. ಅಲೆ ಗಿಡ್ಡವಾದಷ್ಟೂ ಮಳೆಹನಿ ಅದನ್ನು ಜಾಸ್ತಿ ಹೀರುತ್ತದೆ, ಜಾಸ್ತಿ ಚದುರಿಸುತ್ತದೆ. ಗಿಡ್ಡ ಅಲೆಗೆ ಸಣ್ಣ ಡಿಶ್ ಸಾಕು ಎನ್ನುವುದು ಲಾಭ, ದೊಡ್ಡ ಮಳೆಗೆ ಅದು ತಡೆಯುವುದಿಲ್ಲ ಎನ್ನುವುದು ನಷ್ಟ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಉಡುಪಿ ಕಡೆಯಲ್ಲಿ ಇದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಸೀರಿಯಲ್ಲಿನ ಸೊಸೆ ಬಾಯಿ ತೆರೆದಳು ಅನ್ನುವಾಗ ನೀಲಿ ಪರದೆ.

ಆಮೇಲೆ ಕೇಬಲ್ ಡಿಜಿಟಲ್ ಆಯಿತು. 2012ರಲ್ಲಿ ಮಹಾನಗರಗಳಿಂದ ಶುರುವಾಗಿ, 2013ರಲ್ಲಿ ಬೆಂಗಳೂರು, ಮೈಸೂರು ಮುಟ್ಟಿ, ನಿಧಾನಕ್ಕೆ ಉಳಿದ ಊರುಗಳಿಗೆ ಬಂತು. ಚಿತ್ರ ಚೆಂದ ಬರಲಿ ಎನ್ನುವುದು ಹೇಳಿದ ಕಾರಣ. ಅದು ಸುಳ್ಳಲ್ಲ. ಆದರೆ ಚಾನೆಲ್‌ನವರಿಗೆ ಬೇರೆ ಹೊಟ್ಟೆನೋವೂ ಇತ್ತು. ಐನೂರು ಮನೆಗೆ ವಯರು ಎಳೆದವನು ನೂರು ಮನೆ ಎಂದು ಲೆಕ್ಕ ಕೊಟ್ಟರೆ ಕೇಳುವವರು ಯಾರು? ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಪ್ರತಿ ಮನೆಯೂ ಲೆಕ್ಕಕ್ಕೆ ಸಿಕ್ಕಿತು.

2019ರಲ್ಲಿ ಫೋನ್, ಟಿವಿ ದರಗಳಿಗೆ ನಿಯಮ ಮಾಡುವ ಸರಕಾರಿ ಪ್ರಾಧಿಕಾರ ಟ್ರಾಯ್ ಹೊಸ ದರಪದ್ಧತಿ ಜಾರಿಗೆ ತಂದಿತು. 100 ಚಾನೆಲ್‌ಗೆ ಬರೀ ಲೈನಿನ ಬಾಡಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನೆಲ್ಲಿನ ಬೆಲೆ ಅದರ ಮೇಲೆ. ಬೇಕಾದ್ದನ್ನು ಮಾತ್ರ ಆರಿಸಿ, ದುಡ್ಡು ಉಳಿಸಿ ಎಂದರು. ಅಮ್ಮ ಕ್ಯಾಲೆಂಡರಿನ ಹಿಂದೆ ಚಾನೆಲ್ಲುಗಳ ಪಟ್ಟಿ ಬರೆದು ಕೂಡಿಸಿ ಕಳೆದು ನೋಡಿದರು. ಕೊನೆಗೆ ಬಿಲ್ ಮೊದಲಿಗಿಂತ ಜಾಸ್ತಿಯೇ ಬಂತು. ತುಂಬ ಮನೆಗಳ ಅನುಭವ ಅದೇ. ಆದರೂ ಆ ಬಿಲ್ಲನ್ನು ನಾನು ಮುಖ್ಯ ಎಂದುಕೊಳ್ಳುತ್ತೇನೆ. ಲೈನಿಗೆ ಇಷ್ಟು, ಕಾರ್ಯಕ್ರಮಕ್ಕೆ ಇಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಛಾಪಿಸಿದ್ದನ್ನು ನಾವು ನೋಡಿದ್ದು ಆಗಲೇ. ಪಾಲುಪಟ್ಟಿಯ ಮೊದಲ ಸಹಿ ಅದು.

ದೋಣಿಯಿಂದ ಇಳಿಯುವ ಮೀನು

ಅಷ್ಟರಲ್ಲಿ ಇನ್ನೊಂದು ಕಡೆ ಬಾಗಿಲು ತೆರೆದಿತ್ತು. 2016ರ ಸೆಪ್ಟೆಂಬರ್ 5ಕ್ಕೆ ರಿಲಯನ್ಸಿನ ಜಿಯೋ ಶುರುವಾಯಿತು. ಒಂದು ಜಿಬಿಗೆ ಇನ್ನೂರು ಮುನ್ನೂರು ರೂಪಾಯಿ ಕೊಟ್ಟು, ತಿಂಗಳಿಡೀ ಅದನ್ನು ಉಪ್ಪಿನಕಾಯಿಯ ಹಾಗೆ ನೆಕ್ಕುತ್ತಿದ್ದವರ ಕೈಗೆ ದಿನಕ್ಕೊಂದು ಜಿಬಿ ಬಂತು. ಉಳಿದ ಕಂಪನಿಗಳೂ ಬೆಲೆ ಇಳಿಸಲೇಬೇಕಾಯಿತು. ಮೊಬೈಲ್ ಹೀಗೆ ಟಿವಿಯಾಯಿತು.

ಇಂಟರ್ನೆಟ್ಟಿನಲ್ಲಿ ಟಿವಿ ಬರುವ ರೀತಿಯೇ ಬೇರೆ. ಇಲ್ಲಿ ಮೈಕ್ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬಡಿಸಬೇಕು. ಪಕ್ಕದ ಮನೆಯವರು ಅದೇ ಹೊತ್ತಿಗೆ ಅದೇ ಮ್ಯಾಚ್ ನೋಡುತ್ತಿದ್ದರೂ ಅವರಿಗೊಂದು ಪ್ರತಿ, ನಮಗೊಂದು ಪ್ರತಿ.

ವಿಡಿಯೊವನ್ನು ಮೊದಲು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಂಡನ್ನೂ ನಾಲ್ಕಾರು ಗುಣಮಟ್ಟದಲ್ಲಿ ತಯಾರಿಸಿ ಇಡುತ್ತಾರೆ. ನಿಮ್ಮ ಆ್ಯಪ್ ಒಂದೊಂದೇ ತುಂಡು ತರಿಸುತ್ತದೆ. ನೆಟ್ ಚೆನ್ನಾಗಿದ್ದರೆ ದಪ್ಪ ತುಂಡು, ಸುಸ್ತಾಗಿದ್ದರೆ ತೆಳ್ಳಗಿನದು. ನಡುವೆ ಚಿತ್ರ ಮಂಜಾಗಿ ಮತ್ತೆ ಸ್ಪಷ್ಟವಾಗುತ್ತದಲ್ಲ, ಅದು ಇದೇ. ಎರಡು ಮೂರು ತುಂಡು ಕೈಯಲ್ಲಿ ಇಟ್ಟುಕೊಂಡೇ ಆ್ಯಪ್ ಆಟ ಶುರು ಮಾಡುತ್ತದೆ, ಇಲ್ಲದಿದ್ದರೆ ಸುತ್ತುವ ಚಕ್ರ ನೋಡಬೇಕಾಗುತ್ತದೆ. ಆ್ಯಪಲ್ 2009ರಲ್ಲಿ ಈ ಪದ್ಧತಿಯನ್ನು ತಂದಾಗ ಒಂದು ತುಂಡು ಹತ್ತು ಸೆಕೆಂಡಿನದ್ದಾಗಿತ್ತು, ಆಮೇಲೆ ಆರು ಸಾಕು ಎಂದಿತು. ಮೂರು ತುಂಡು ಕೂಡಿಟ್ಟರೆ ಹದಿನೆಂಟರಿಂದ ಮೂವತ್ತು ಸೆಕೆಂಡ್ ಹಿಂದೆ ಬಿದ್ದ ಹಾಗೆ. ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಲ್ಲಿ ಇನ್ನೂ ಕೇಬಲ್ ಇದೆ. ಐಪಿಎಲ್ ದಿನ ಅವರ ಮಕ್ಕಳು "ಔಟ್" ಎಂದು ಕಿರುಚುವಾಗ ನಮ್ಮ ಬೌಲರ್ ಇನ್ನೂ ಚೆಂಡು ಉಜ್ಜುತ್ತಾ ಇರುತ್ತಾನೆ. ಸಾವಿರ ರೂಪಾಯಿಯ ಬ್ರಾಡ್‌ಬ್ಯಾಂಡ್ ಹಾಕಿಸಿ ಕೆಳಗಿನವರ ಬೊಬ್ಬೆಯಿಂದ ಸ್ಕೋರ್ ತಿಳಿಯುವ ಪಾಡು ನಮ್ಮದು ಮಾರಾಯ್ರೆ.

ಸಿನಿಮಾ, ಧಾರಾವಾಹಿಗೆ ಈ ಕಷ್ಟ ಇಲ್ಲ. ಮಣಿಪಾಲದವರು ಬಂಗುಡೆ ಬೇಕಾದಾಗಲೆಲ್ಲ ಮಲ್ಪೆ ಬಂದರಿಗೆ ಓಡುವುದಿಲ್ಲ, ಅಲ್ವಾ? ಹತ್ತಿರದ ಮಾರ್ಕೆಟಿನಲ್ಲಿ ಐಸ್ ಹಾಕಿ ಇಟ್ಟಿರುತ್ತಾರೆ. ನೆಟ್‌ಫ್ಲಿಕ್ಸ್ 2012ರಿಂದ ಮಾಡುತ್ತಿರುವುದು ಅದನ್ನೇ. ತನ್ನ ಸಿನಿಮಾಗಳನ್ನು ತುಂಬಿದ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಕೋಣೆಯೊಳಗೇ ಇಟ್ಟುಬಿಡುತ್ತದೆ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೊಸ ಮಾಲು ತುಂಬುತ್ತದೆ. ರಾತ್ರಿ ನೀವು ನೋಡುವ ಸಿನಿಮಾ ಅಮೆರಿಕದಿಂದ ಬರುವುದಿಲ್ಲ, ಹತ್ತಿರದ ಪೆಟ್ಟಿಗೆಯಿಂದ ಬರುತ್ತದೆ.

ಲೈವ್ ಮ್ಯಾಚ್ ಮಾತ್ರ ಆಗಷ್ಟೇ ದೋಣಿಯಿಂದ ಇಳಿಯುವ ಮೀನು. ಮೊದಲೇ ಐಸ್ ಹಾಕಿಡಲು ಆಗುವುದಿಲ್ಲ, ಎಲ್ಲರಿಗೂ ಒಟ್ಟಿಗೇ ಬೇಕು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ದಿನ ಹಾಟ್‌ಸ್ಟಾರಿನಲ್ಲಿ ಒಂದು ಹಂತದಲ್ಲಿ 5.9 ಕೋಟಿ ಜನ ಒಟ್ಟಿಗೆ ಇದ್ದರು. ತಲಾ 2 ಮೆಗಾಬಿಟ್ ಎಂದು ಇಟ್ಟುಕೊಂಡರೂ ಸೆಕೆಂಡಿಗೆ 118 ಟೆರಾಬಿಟ್ ಆಗುತ್ತದೆ. ಕೇಬಲಿನಲ್ಲಿ ಹೊಸದಾಗಿ ಒಬ್ಬ ನೋಡಲು ಕೂತರೆ ಖರ್ಚು ಸೊನ್ನೆ. ಇಲ್ಲಿ ಒಬ್ಬೊಬ್ಬರಿಗೂ ಖರ್ಚು ಇದೆ. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಮತ್ತು ಐಐಟಿ ಕಾನ್ಪುರದವರು ಸೇರಿ ಇಂಟರ್ನೆಟ್ ಇಲ್ಲದೆಯೇ ಮೊಬೈಲಿಗೆ ನೇರ ಪ್ರಸಾರ ಮಾಡುವ ಪ್ರಯೋಗಕ್ಕೆ ಇಳಿದದ್ದರ ಹಿಂದೆ ಈ ಲೆಕ್ಕವೂ ಇದೆ. ಅಂದರೆ ಸುತ್ತಿ ಬಳಸಿ ಮತ್ತೆ ಮೈಕಿಗೇ.

ಅಗ್ಗದ ಟಿವಿ ಅಗ್ಗ ಯಾಕೆ

ಈಗ ಪರದೆಗೆ ಬರೋಣ. 2018ರ ಮಾರ್ಚ್‌ನಲ್ಲಿ ಶಿಯೋಮಿ ಕಂಪನಿ 32 ಇಂಚಿನ ಸ್ಮಾರ್ಟ್ ಟಿವಿಯನ್ನು 13,999 ರೂಪಾಯಿಗೆ ತಂದಿತು. ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ಆಗ ಹೆಸರಾಂತ ಕಂಪನಿಗಳ ಸ್ಮಾರ್ಟ್ ಟಿವಿ ಮುಟ್ಟಲು ಇದರ ಸುಮಾರು ಎರಡು ಪಟ್ಟು ದುಡ್ಡು ಬೇಕಿತ್ತು. ಯಂತ್ರದ ಮಾರಾಟದಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ ಲಾಭ ಇಟ್ಟುಕೊಳ್ಳುವುದಿಲ್ಲ ಎಂದು ಆ ಕಂಪನಿ ಅದೇ ವರ್ಷ ಘೋಷಿಸಿತು. ಹಾಗಾದರೆ ಅದರ ಹೊಟ್ಟೆ ತುಂಬುವುದು ಎಲ್ಲಿಂದ?

ಟಿವಿ ಹಾಕಿದ ಕೂಡಲೇ ಕಾಣುವ ಮೊದಲ ಪುಟದಿಂದ. ಅಲ್ಲಿ ಮೇಲುಗಡೆ ದೊಡ್ಡದಾಗಿ ಯಾವ ಸಿನಿಮಾದ ಚಿತ್ರ ಬರಬೇಕು, ಆ್ಯಪ್‌ಗಳ ಸಾಲಿನಲ್ಲಿ ಯಾವುದು ಮೊದಲು, ಹುಡುಕಿದಾಗ ಯಾವುದು ಮುಂದೆ, ಎಲ್ಲಕ್ಕೂ ಬೆಲೆ ಇದೆ. ರಿಮೋಟಿನಲ್ಲಿ ಒಟಿಟಿ (ಇಂಟರ್ನೆಟ್ಟಿನಲ್ಲೇ ಸಿನಿಮಾ, ಸರಣಿ ತೋರಿಸುವ ಕಂಪನಿ) ಹೆಸರಿನ ಗುಂಡಿಗಳು ಇರುತ್ತವಲ್ಲ, ಅವೂ ಸುಮ್ನೆ ಬಂದದ್ದಲ್ಲ. ರಥಬೀದಿಯಲ್ಲಿ ದೇವಸ್ಥಾನದ ಎದುರಿನ ಅಂಗಡಿಗೂ ಸಂದಿಯ ಒಳಗಿನ ಅಂಗಡಿಗೂ ಬಾಡಿಗೆ ಒಂದೇ ಇರುತ್ತದಾ? ಹಾಗೆ. ದುಡ್ಡು ಕೊಟ್ಟು ತಂದ ಟಿವಿಯ ಮುಂಬಾಗಿಲನ್ನು ಬೇರೆಯವರು ಬಾಡಿಗೆಗೆ ಕೊಟ್ಟಿರುತ್ತಾರೆ.

ಇದಕ್ಕಿಂತ ಕಿರಿಕಿರಿಯ ಸಂಗತಿ ಒಂದಿದೆ. ತುಂಬ ಸ್ಮಾರ್ಟ್ ಟಿವಿಗಳು ಪರದೆಯ ಮೇಲೆ ಬರುವ ಚಿತ್ರದ ಚುಕ್ಕೆಗಳನ್ನು ಆಗಾಗ ಹೆಕ್ಕಿ, ಅದರಿಂದ ಒಂದು ಬೆರಳಚ್ಚಿನಂಥ ಗುರುತು ಮಾಡಿ, ಕಂಪನಿಯ ಸರ್ವರಿಗೆ ಕಳಿಸುತ್ತವೆ. ಅಲ್ಲಿ ಹೋಲಿಸಿ ನೋಡಿದರೆ ನೀವು ಏನು ನೋಡುತ್ತಿದ್ದೀರಿ ಎಂದು ಗೊತ್ತಾಗುತ್ತದೆ. ಹಳೇ ಕೇಬಲ್ ಬಾಕ್ಸಿನಿಂದ ನೋಡಿದರೂ ಗೊತ್ತಾಗುತ್ತದೆ, ಯಾಕೆಂದರೆ ಗಮನಿಸುವುದು ಪರದೆಯನ್ನು. ಅಮೆರಿಕದ ವಿಝಿಯೋ ಕಂಪನಿ 1.1 ಕೋಟಿ ಟಿವಿಗಳಲ್ಲಿ ನೋಡುವವರಿಗೆ ಸರಿಯಾಗಿ ಹೇಳದೆ ಹೀಗೆ ಮಾಡಿತೆಂದು ಕೇಸಾಗಿ, 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿತು. ಆದರೂ 2024ರಲ್ಲಿ ವಾಲ್‌ಮಾರ್ಟ್ ಅದೇ ಕಂಪನಿಯನ್ನು 230 ಕೋಟಿ ಡಾಲರ್ ಕೊಟ್ಟು ಕೊಂಡಿತು. ಸೋಪು, ಅಕ್ಕಿ ಮಾರುವ ಅಂಗಡಿಗೆ ಟಿವಿ ಕಂಪನಿ ಯಾಕೆ? ಪರದೆಗಾಗಿ ಅಲ್ಲ, ಜಾಹೀರಾತಿನ ಮುಂಬಾಗಿಲಿಗಾಗಿ. ನಿಮ್ಮ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಖಾಸಗಿತನದ ವಿಭಾಗಕ್ಕೆ ಹೋದರೆ, ನೋಡಿದ ಮಾಹಿತಿ ಕಳಿಸುವ ಆಯ್ಕೆಯನ್ನು ಬಂದ್ ಮಾಡಲು ಸಾಮಾನ್ಯವಾಗಿ ಆಗುತ್ತದೆ. ಐದು ನಿಮಿಷದ ಕೆಲಸ.

ನಮ್ಮ ದೇಶದಲ್ಲಿ ಹೆಚ್ಚಿನ ಟಿವಿಗಳ ಒಳಗಿರುವುದು ಗೂಗಲ್ಲಿನ ಆಂಡ್ರಾಯ್ಡ್. ಪ್ಲೇ ಸ್ಟೋರ್ ಬೇಕಾದರೆ ನಮ್ಮ ಇಡೀ ಕಂತೆಯನ್ನೇ ತೆಗೆದುಕೊಳ್ಳಿ ಎಂಬ ಗೂಗಲ್ಲಿನ ಪಟ್ಟಿನ ಮೇಲೆ ಸ್ಪರ್ಧಾ ಆಯೋಗಕ್ಕೆ ದೂರು ಹೋಗಿತ್ತು. 2025ರ ಏಪ್ರಿಲ್‌ನಲ್ಲಿ ಗೂಗಲ್ 20.24 ಕೋಟಿ ರೂಪಾಯಿ ಕಟ್ಟಿ, ಪ್ಲೇ ಸ್ಟೋರನ್ನು ಬಿಡಿಯಾಗಿ ಕೊಡಲು ಒಪ್ಪಿತು.

ಇನ್ನು ಅಮ್ಮನ ಟಿವಿಯ ರೋಗ. ಅದು ಬೇರೆ ಕಂಪನಿಯದ್ದು, ಹೆಸರು ಬೇಡ. ಅಗ್ಗದ ಟಿವಿಯೊಳಗೆ ಹಾಕುವ ಚಿಪ್ಪು ಮತ್ತು ಮೆಮೊರಿ ಆ ಕಾಲದ ಅಗ್ಗದ ಮೊಬೈಲಿನಷ್ಟೇ. ಪರದೆ ಹತ್ತು ವರ್ಷ ಬಾಳುತ್ತದೆ, ಒಳಗಿನ ಮಿದುಳಿಗೆ ನಾಲ್ಕೈದು ವರ್ಷಕ್ಕೇ ಮುಪ್ಪು. ಆ್ಯಪ್ ಪ್ರತಿ ವರ್ಷ ದಪ್ಪ ಆಗುತ್ತದೆ, ಹಳೇ ಟಿವಿಗೆ ಹೊಸ ಸಾಫ್ಟ್‌ವೇರ್ ಕಳಿಸಿ ಕಂಪನಿಗೆ ಲಾಭ ಇಲ್ಲ. ಕೆಲವೊಮ್ಮೆ ಇನ್ನೂ ಸಣ್ಣ ಕಾರಣ ಸಾಕು. 2025ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ, ಟಿವಿಗೆ ಚುಚ್ಚಿ ನೆಟ್ಟಿನ ಕಾರ್ಯಕ್ರಮ ನೋಡುವ ಗೂಗಲ್ಲಿನ ಪುಟ್ಟ ಸಾಧನ, ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಮ್ಮೆಗೇ ನಿಂತವು. ಹಾಳಾದದ್ದು ಏನೂ ಇಲ್ಲ. ಒಳಗಿದ್ದ, ಸಾಧನ ಅಸಲಿ ಎಂದು ತೋರಿಸುವ ಡಿಜಿಟಲ್ ಸರ್ಟಿಫಿಕೇಟಿನ ತಾರೀಕು ಮುಗಿದಿತ್ತು, ಹಾಲಿನ ಪ್ಯಾಕೆಟಿನ ಹಾಗೆ. ಗೂಗಲ್ ಕೆಲವು ದಿನಗಳಲ್ಲಿ ಸರಿ ಮಾಡಿತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೆ: ಟಿವಿ ಕೊಳ್ಳುವಾಗ ಪರದೆ ನೋಡಿ ಕೊಳ್ಳಿ, "ಸ್ಮಾರ್ಟ್" ನೋಡಿ ಅಲ್ಲ. ಮಿದುಳು ಮುದಿಯಾದಾಗ ಹಿಂದೆ ಚುಚ್ಚುವ ಕಡ್ಡಿಯೊಂದನ್ನು, ಅಂದರೆ ಸ್ಟ್ರೀಮಿಂಗ್ ಸ್ಟಿಕ್, ತಂದರೆ ಆಯಿತು. ಇಡೀ ಟಿವಿ ಬಿಸಾಡಬೇಕಿಲ್ಲ.

ಕುಟುಂಬ ಅಂದರೆ ಯಾರು ಯಾರು?

ಕಾರ್ಯಕ್ರಮದವರ ಕಥೆ ಹೇಳಿದರೆ ನಗು ಬರುತ್ತದೆ. ಮನೆಗೆ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಸ್ಟ್ರೀಮಿಂಗ್ ಶುರು ಮಾಡಿತು. 2016ರ ಜನವರಿಯಲ್ಲಿ ಭಾರತಕ್ಕೆ ಬಂತು. ಜಾಹೀರಾತು ಇಲ್ಲ, ಬೇಕಾದಾಗ ನೋಡಿ, ಬೇಡವಾದಾಗ ಬಿಡಿ, ಇದು ಕೇಬಲ್ ಅಲ್ಲ ಎನ್ನುವುದೇ ಅದರ ಹೆಮ್ಮೆ. ಎಲ್ಲರೂ ಅದರ ಹಿಂದೆ ಓಡಿದರು. ಚಾನೆಲ್‌ಗೊಂದು ಆ್ಯಪ್, ಆ್ಯಪ್‌ಗೊಂದು ಚಂದಾ.

ಆದರೆ ಹೊಸ ಸರಣಿ ತೆಗೆಯಲು ಸುರಿದ ದುಡ್ಡು ಚಂದಾದಿಂದ ಹುಟ್ಟುವುದಿಲ್ಲ ಎಂದು ನಿಧಾನಕ್ಕೆ ಗೊತ್ತಾಯಿತು. ಭಾರತದಲ್ಲಂತೂ ಬೆಲೆಯನ್ನು ಇಳಿಸಬೇಕಾಯಿತು. ನೆಟ್‌ಫ್ಲಿಕ್ಸ್ 2019ರಲ್ಲಿ ಮೊಬೈಲಿಗೆ ಮಾತ್ರ ಎಂದು 199 ರೂಪಾಯಿಯ ಪ್ಲಾನ್ ತಂದಿತು, 2021ರ ಡಿಸೆಂಬರಿನಲ್ಲಿ ಅದನ್ನೂ 149ಕ್ಕೆ ಇಳಿಸಿತು. 2022ರ ಮೊದಲ ಮೂರು ತಿಂಗಳಲ್ಲಿ ಜಗತ್ತಿನಾದ್ಯಂತ 2 ಲಕ್ಷ ಚಂದಾದಾರರನ್ನು ಕಳೆದುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ, ಜಾಹೀರಾತು ಹಾಕುವುದೇ ಇಲ್ಲ ಎಂದವರು ಅಮೆರಿಕ ಮುಂತಾದ ಕಡೆ ಜಾಹೀರಾತಿನ ಪ್ಲಾನ್ ತಂದರು. 2025ರ ಜೂನ್ 17ರಿಂದ ಪ್ರೈಮ್ ವಿಡಿಯೊ ಭಾರತದಲ್ಲೂ ಜಾಹೀರಾತು ಶುರು ಮಾಡಿತು. ಬೇಡವಾದರೆ ವರ್ಷಕ್ಕೆ 699 ರೂಪಾಯಿ ಮೇಲೆ ಕೊಡಿ ಎಂದಿತು.

2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ಪಾಸ್‌ವರ್ಡ್ ಹಂಚಿಕೆಗೂ ಬೇಲಿ ಹಾಕಿತು. ಒಂದು ಖಾತೆ ಒಂದು ಮನೆಗೆ. ಮನೆ ಅಂದರೆ ಆ ಟಿವಿ ಇರುವ ವೈಫೈ. ನಮ್ಮ ಕಡೆಯವರಿಗೆ ಇದು ಎಲ್ಲಿಂದ ಅರ್ಥ ಆಗಬೇಕು? ಅಮ್ಮ ಊರಲ್ಲಿ, ನಾನು ಮಂಗಳೂರಲ್ಲಿ, ಅಣ್ಣ ಮುಂಬೈಯಲ್ಲಿ, ಅಕ್ಕ ದುಬೈಯಲ್ಲಿ. ವರ್ಷಕ್ಕೊಮ್ಮೆ ಕುಟುಂಬದ ಮನೆಯಲ್ಲಿ ದೈವದ ತಂಬಿಲ ಸೇವೆಗೆ ಸೇರಿದರೆ ಊಟದ ಎಲೆಯ ಲೆಕ್ಕ ನೂರು ದಾಟುತ್ತದೆ. ಇವರೆಲ್ಲ ಒಂದೇ ಕುಟುಂಬ ಎಂದು ದೈವ ಒಪ್ಪುತ್ತದೆ, ಆ್ಯಪ್ ಒಪ್ಪುವುದಿಲ್ಲ.

ಕ್ರಿಕೆಟ್ಟಿನ ಕಥೆ ಇನ್ನೂ ಮಜಾ. 2023ರಿಂದ 27ರವರೆಗಿನ ಐಪಿಎಲ್ ಹಕ್ಕು ಮಾರುವಾಗ ಬಿಸಿಸಿಐ ಟಿವಿಯನ್ನೂ ಡಿಜಿಟಲ್ಲನ್ನೂ ಬೇರೆ ಬೇರೆ ಹರಾಜು ಹಾಕಿತು. ಟಿವಿ ಹಕ್ಕು 23,575 ಕೋಟಿಗೆ ಸ್ಟಾರ್ ಪಾಲಾಯಿತು. ಭಾರತದ ಡಿಜಿಟಲ್ ಹಕ್ಕಿನ ಮುಖ್ಯ ಕಂತೆ 20,500 ಕೋಟಿಗೆ ರಿಲಯನ್ಸ್ ಕಡೆಯ ವಯಾಕಾಮ್18 ಪಾಲಾಯಿತು. ರಿಲಯನ್ಸ್ ತನ್ನ ಜಿಯೋಸಿನಿಮಾದಲ್ಲಿ ಮ್ಯಾಚ್‌ಗಳನ್ನು ಪುಕ್ಕಟೆ ತೋರಿಸಿತು. ಕ್ರಿಕೆಟಿಗೆಂದೇ ಹಾಟ್‌ಸ್ಟಾರಿಗೆ ಚಂದಾ ಕಟ್ಟುತ್ತಿದ್ದವರು ಗಂಟು ಕಟ್ಟಿದರು. ಸ್ಟಾರ್, ಹಾಟ್‌ಸ್ಟಾರ್ ಎರಡರ ಯಜಮಾನ ಡಿಸ್ನಿ, 2024ರ ಫೆಬ್ರವರಿಯಲ್ಲಿ ತನ್ನ ಭಾರತದ ವ್ಯಾಪಾರವನ್ನು ರಿಲಯನ್ಸ್ ಜೊತೆ ಸೇರಿಸಲು ಒಪ್ಪಿತು. ಅದೇ ವರ್ಷ ನವೆಂಬರಿನಲ್ಲಿ ವಿಲೀನ ಮುಗಿಯಿತು, 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಈಗ ಟಿವಿ ಹಕ್ಕೂ ಅವರದ್ದೇ, ಡಿಜಿಟಲ್ ಹಕ್ಕೂ ಅವರದ್ದೇ. ಸ್ವಲ್ಪ ಹೊತ್ತು ಪುಕ್ಕಟೆ, ಆಮೇಲೆ ದುಡ್ಡು ಕೊಡಿ ಎಂಬ ಪದ್ಧತಿಯೂ ಬಂತು. ಲೈನೂ ಅವರದ್ದು, ಕಾರ್ಯಕ್ರಮವೂ ಅವರದ್ದು. ತೆಂಗಿನ ಮರಕ್ಕೆ ವಯರು ಕಟ್ಟಿದ ನಮ್ಮೂರಿನ ಹುಡುಗನ ಕಥೆಯೇ, ಸೈಜ್ ಮಾತ್ರ ಜಾಸ್ತಿ.

ಈಗ ಯಾವ ಬ್ರಾಡ್‌ಬ್ಯಾಂಡ್ ಜಾಹೀರಾತು ನೋಡಿದರೂ ಹತ್ತಾರು ಒಟಿಟಿ ಸೇರಿಸಿ ಒಂದೇ ಬಿಲ್. ಬಿಡಿಬಿಡಿಯಾಗಿ ಕೊಂಡರೆ ದುಬಾರಿ, ಕಂತೆ ಕೊಂಡರೆ ಅಗ್ಗ, ಕಂತೆಯೊಳಗೆ ಅರ್ಧ ನಾವು ನೋಡದ್ದು. 2019ರಲ್ಲಿ ಅಮ್ಮ ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ ಇದೇ ಅಲ್ವಾ? ಇದರ ನಡುವೆ ಸೊರಗಿದ್ದು ಡಿಟಿಎಚ್. 2020ರ ಹೊತ್ತಿಗೆ ದುಡ್ಡು ಕೊಟ್ಟು ನೋಡುವ ಡಿಟಿಎಚ್ ಗ್ರಾಹಕರು 7 ಕೋಟಿಯ ಹತ್ತಿರ ಇದ್ದರು. 2025ಕ್ಕೆ ಅದು 6 ಕೋಟಿಗಿಂತ ಕೆಳಗೆ ಇಳಿದಿತ್ತು.

ರಾತ್ರಿಯಿಡೀ ಆಟ

ಅಮ್ಮನಿಗೆ ಇದ್ಯಾವುದೂ ದೊಡ್ಡ ನಷ್ಟ ಅಲ್ಲ. ಅವರಿಗೆ ಬೇಕಾದದ್ದು ಯಾವ ಒಟಿಟಿಯಲ್ಲೂ ಸಿಗುವುದಿಲ್ಲ.

ಹಿಂದೆ ಕೇಬಲಿನಲ್ಲಿ ಊರಿನದ್ದೇ ಚಾನೆಲ್‌ಗಳು ಇರುತ್ತಿದ್ದವು. ಕಂಬಳ, ಕೋಲ, ಬ್ರಹ್ಮಕಲಶ, ಕುದ್ರೋಳಿಯ ದಸರಾ ಮೆರವಣಿಗೆ, ಉಡುಪಿಯ ಪರ್ಯಾಯ. ನಡುನಡುವೆ ಜವಳಿ ಅಂಗಡಿ ಮತ್ತು ಚಿನ್ನದಂಗಡಿಯ ಜಾಹೀರಾತು. ಆ ಕ್ಯಾಮೆರಾದವರು ಈಗಲೂ ಇದ್ದಾರೆ, ದಾರಿ ಮಾತ್ರ ಯೂಟ್ಯೂಬ್. ಹಗಲಿಗೆ ಕಂಬಳ, ರಾತ್ರಿಗೆ ಯಕ್ಷಗಾನ ಮೇಳ, ಮುಹೂರ್ತ ಇದ್ದರೆ ಮದುವೆಯ ಲೈವ್. ಮದುವೆ ಕಾಗದದ ಮೂಲೆಯಲ್ಲಿ ಕ್ಯೂಆರ್ ಕೋಡ್ ಬಂದದ್ದು ಗಲ್ಫಿನ ನೆಂಟರಿಗಾಗಿ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಮೇಳಗಳು ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲ ಪೂರ್ತಿ ಅಮ್ಮ ಹಳೇ ಆಟಗಳ ರೆಕಾರ್ಡಿಂಗ್ ನೋಡುತ್ತಾರೆ. ರಾತ್ರಿ ಶುರುವಾಗಿ ಬೆಳಗಿನವರೆಗಿನ ಆಟ. ಯಾವ ಒಟಿಟಿಯವರು ಎಂಟು ಗಂಟೆಯ ಒಂದು ಕಂತನ್ನು ತೆಗೆದುಕೊಳ್ಳುತ್ತಾರೆ ಹೇಳಿ? ಯೂಟ್ಯೂಬಿಗೆ ಅದೆಲ್ಲ ಲೆಕ್ಕ ಇಲ್ಲ. ಒಳಗೆ ಹಾಕಲು ಯಾರ ಒಪ್ಪಿಗೆಯೂ ಬೇಡ, ನಡುವೆ ಜಾಹೀರಾತು ಹಾಕಿ ಸಿಕ್ಕಿದ್ದರಲ್ಲಿ ಹಂಚಿಕೊಳ್ಳುತ್ತದೆ.

ಇದು ನಮ್ಮ ಕಡೆಯ ವಿಚಿತ್ರ ಅಂದುಕೊಂಡರೆ ಅಲ್ಲ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಟಿವಿ ಪರದೆಯ ಮುಂದೆ ಕಳೆದ ಹೊತ್ತಿನಲ್ಲಿ ಸ್ಟ್ರೀಮಿಂಗಿನ ಪಾಲು ಶೇಕಡಾ 44.8 ಆಯಿತು ಎಂದು ಜನ ಏನು ನೋಡುತ್ತಾರೆ ಎಂದು ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕ ಹೇಳಿತು. ಸಾಮಾನ್ಯ ಪ್ರಸಾರ ಮತ್ತು ಕೇಬಲ್ ಎರಡೂ ಸೇರಿದರೂ ಅಷ್ಟು ಆಗಲಿಲ್ಲ. ಸ್ಟ್ರೀಮಿಂಗಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದದ್ದು ನೆಟ್‌ಫ್ಲಿಕ್ಸ್ ಅಲ್ಲ, ಯೂಟ್ಯೂಬ್.

ಸಣ್ಣ ಭಾಷೆಯವರಿಗೆ ಒಟಿಟಿಯ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ಕರಾವಳಿಯ ಕಥೆಗಳ ‘ಏಕಮ್’ ಸರಣಿಯನ್ನು ನಿರ್ಮಿಸಿದರು. ದೊಡ್ಡ ಒಟಿಟಿಗಳು ತೆಗೆದುಕೊಳ್ಳಲಿಲ್ಲ. 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟಿನಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ನನಗೆ ಅದು ಸ್ವಂತ ಟೆಂಟ್ ಹಾಕಿ ಆಟ ಆಡಿದ ಡೇರೆ ಮೇಳದ ಹಾಗೆ ಕಂಡಿತು. ಟಿಕೆಟ್ ಹರಿಯುವವರೂ ಅವರೇ, ವೇಷ ಕಟ್ಟುವವರೂ ಅವರೇ. ಹೆಸರು ಇದ್ದವರಿಗೆ ಇದು ಆಗುತ್ತದೆ. ಹೊಸಬರಿಗೆ ಕಷ್ಟ.

ಗಾಜಿನ ಎಳೆ

ಉಳಿದದ್ದು ಲೈನ್. ಅದನ್ನು ಅಮ್ಮನ ಮನೆಗೆ ತಂದವನು ಯಾರು ಗೊತ್ತಾ? ಅದೇ ಕೇಬಲಿನವನು. ಈಗ ತಲೆ ನರೆತಿದೆ, ಸೈಕಲ್ ಹೋಗಿ ಸ್ಕೂಟರ್ ಬಂದಿದೆ, ಅಂಗಡಿಯ ಬೋರ್ಡಿನಲ್ಲಿ ಕೇಬಲ್ ಸಣ್ಣದಾಗಿ, ಇಂಟರ್ನೆಟ್ ದೊಡ್ಡದಾಗಿ ಇದೆ. ಡಿಟಿಎಚ್ ಬಂದಾಗ ಮುಗಿದೇ ಹೋದ ಎಂದುಕೊಂಡವನು ಉಳಿದದ್ದು ಒಂದೇ ಕಾರಣಕ್ಕೆ. ಯಾರ ಗೇಟಿನಲ್ಲಿ ನಾಯಿ ಇದೆ, ಯಾವ ಮರದಿಂದ ಯಾವ ಮರಕ್ಕೆ ವಯರು ಹೋಗಬಹುದು, ಯಾರು ತಮ್ಮ ತೋಟದ ಮೇಲೆ ವಯರು ಬಿಡುವುದಿಲ್ಲ ಎನ್ನುವುದು ಅವನಿಗೆ ಗೊತ್ತು. ದೊಡ್ಡ ಕಂಪನಿಗೆ ಅದು ಗೊತ್ತಿಲ್ಲ.

ಹಳೇ ಕಪ್ಪು ವಯರಿನ ಜಾಗದಲ್ಲಿ ಈಗ ಇರುವುದು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರಲ್ಲಿ ಓಡುವುದು ಕಣ್ಣಿಗೆ ಕಾಣದ ಬೆಳಕು, ಅದರಲ್ಲೂ ಬೇರೆ ಬೇರೆ ಬಣ್ಣ ಎಂದುಕೊಳ್ಳಿ. ಇಂಟರ್ನೆಟ್ ಮನೆಯೊಳಗೆ ಬರಲು 1490 ನ್ಯಾನೋಮೀಟರಿನ ಬೆಳಕು, ಹೊರಗೆ ಹೋಗಲು 1310. ಬೇಕಿದ್ದರೆ ಹಳೇ ಕೇಬಲ್ ಟಿವಿಯನ್ನೂ 1550ರಲ್ಲಿ ಅದೇ ಎಳೆಗೆ ಸೇರಿಸಬಹುದು. ಮೂರೂ ಒಂದಕ್ಕೊಂದು ತಾಗದೆ ಹೋಗುತ್ತವೆ. ಮುಖ್ಯ ಎಳೆಯೊಂದನ್ನು ಕಂಬದ ಮೇಲಿನ ಡಬ್ಬಿಯಲ್ಲಿ ಒಡೆದು 32 ಅಥವಾ 64 ಮನೆಗೆ ಹಂಚುತ್ತಾರೆ. ಸೆಕೆಂಡಿಗೆ ಎರಡೂವರೆ ಗಿಗಾಬಿಟ್ಟನ್ನು ಅಷ್ಟೂ ಮನೆಗಳು ಹಂಚಿಕೊಳ್ಳುತ್ತವೆ. ರಾತ್ರಿ ಒಂಬತ್ತಕ್ಕೆ ನೆಟ್ ಸುಸ್ತಾಗುವುದಕ್ಕೆ ಇದೂ ಒಂದು ಕಾರಣ.

ಗಾಜಿಗೆ ಮಳೆಯ ಹೆದರಿಕೆ ಇಲ್ಲ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಹೊಡೆತವೂ ಕಡಿಮೆ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಕಪ್ಪು ವಯರಿನ ಮೂಲಕ ಬಾಕ್ಸ್ ಸುಟ್ಟುಕೊಂಡವರು ನಮ್ಮೂರಲ್ಲಿ ಸುಮಾರು ಜನ ಇದ್ದಾರೆ. ತೆಂಗಿನ ಮಡಲಿನ ಹೆದರಿಕೆ ಮಾತ್ರ ಗಾಜಿಗೂ ತಪ್ಪಿಲ್ಲ.

ನಾನು ಕೊನೆಗೆ ಫೋನ್ ಮಾಡಿದ್ದು ಅವನಿಗೇ. ಆ್ಯಪ್ ನಿಂತದ್ದಕ್ಕೂ ಅವನಿಗೂ ಸಂಬಂಧ ಇಲ್ಲ. ಆದರೂ ಮರುದಿನ ಒಂದು ಕಡ್ಡಿ ಹಿಡಿದುಕೊಂಡು ಅಮ್ಮನ ಮನೆಗೆ ಹೋದ. ನಾನು ವಿಡಿಯೊ ಕಾಲ್‌ನಲ್ಲಿ ಇದ್ದೆ. ಟಿವಿಯ ಹಿಂದೆ ಚುಚ್ಚಿದ, ವೈಫೈ ಹಾಕಿದ, ಆ್ಯಪ್ ಇಳಿಸಿದ. ಖಾತೆ ಅಕ್ಕನ ಹೆಸರಲ್ಲಿ ಇತ್ತು. ಅದು ಓಟಿಪಿ ಕೇಳಿತು.

ಓಟಿಪಿ ದುಬೈಗೆ ಹೋಯಿತು. ಅಕ್ಕ ಡ್ಯೂಟಿಯಲ್ಲಿ ಇದ್ದಳು, ಫೋನ್ ಲಾಕರಿನಲ್ಲಿ.

"ಎಷ್ಟು ಹೊತ್ತು ಬೇಕಾಗ್ತದೆ ಮಾರಾಯ?" ಎಂದು ಅಮ್ಮ ಅವನನ್ನು ಕೇಳಿದರು.

"ಅಕ್ಕ ಫೋನ್ ನೋಡಿದ ಮೇಲೆ ಅಮ್ಮ."

ಅವನು ಸ್ವಲ್ಪ ಯೋಚಿಸಿ, ಗೋಡೆಯ ಡಬ್ಬಿಯಿಂದ ಇನ್ನೊಂದು ವಯರು ತೆಗೆದು ಟಿವಿಯ ಹಿಂದೆ ಸಿಕ್ಕಿಸಿದ, ಹಳೇ ಸೆಟ್‌ಟಾಪ್ ಬಾಕ್ಸಿನ ಧೂಳು ಊದಿ ಸ್ವಿಚ್ ಹಾಕಿದ. ಚಂದನದಲ್ಲಿ ವಾರ್ತೆ ಬರುತ್ತಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತರು, ನನ್ನ ಕಾಲ್ ಕಟ್ ಮಾಡಲು ಮರೆತೇಬಿಟ್ಟರು.